ಡಿಸೆಂಬರ್ 31ರ ರಾತ್ರಿ ಮಾಡಿದ ತೀರ್ಮಾನ ಯಾಕ ನಿಲ್ಲವಲ್ದು?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಿಸ್ಟರ್, ವಂದನೆಗಳು. ನಾನು ಬೀದರದಾಕಿ, ವಯಸ್ಸು 43, ಸ್ಕೂಲ್‌ದಾಗ ಟೀಚರ್ ಇದ್ದೀನಿ. ಡಿಸೆಂಬರ್ 31ರ ರಾತ್ರಿ ಚರ್ಚ್‌ದಾಗ ವಾಗ್ದಾನ ವಾಕ್ಯದ (ಹೊಸ ವರ್ಷಕ್ಕಂತ ಕೊಡೋ ಬೈಬಲ್ ವಚನದ) ಚೀಟಿ ಕೈಯಾಗ ಹಿಡ್ಕೊಂಡು ದೇವರ ಮುಂದ ತೀರ್ಮಾನ ಮಾಡಿದ್ದೆ. ಈ ವರ್ಷ ಮುಂಜಾನೆ ನಾಕಕ್ಕ ಏಳ್ತೀನಿ, ಒಂದು ತಾಸು ಪ್ರಾರ್ಥನೆ, ಒಂದು ತಾಸು ಕೋಟೆ ಕಡೆ ವಾಕಿಂಗ್, ಚಹಾ ಬಂದ್, ಅನ್ನ ಬಂದ್, ಸ್ವೀಟ್ ಬಂದ್ ಅಂತ. ಒಂದು ವಾರ ಛಲೋ ನಡೀತು, ಆಮ್ಯಾಲ ಮಗನಿಗೆ ಜ್ವರ ಬಂತು, ಎರಡು ದಿನ ತಪ್ತು, ಅಷ್ಟೇ, ಎಲ್ಲಾ ಕೈಬಿಟ್ಟೆ. ವರ್ಷಾ ವರ್ಷಾ ಇದೇ ಹಾಡು. ಬಿಪಿ ಬಾರ್ಡರ್‌ದಾಗ ಅದ ಅಂತ ಡಾಕ್ಟರ್ ಹೇಳ್ಯಾರ. ದೇವರಿಗೆ ಕೊಟ್ಟ ಮಾತು ಮುರದೀನಿ ಅಂತ ಈಗ ಪ್ರಾರ್ಥನೆಗೆ ಕೂಡ್ಲಿಕ್ಕೇ ಮನಸ್ಸು ಹಿಂಜರೀತದ. ನನ್ನ ವಿಶ್ವಾಸನೇ ಕಡಿಮಿ ಏನ್ರಿ?

ಉತ್ತರ: ಇಲ್ರಿ ಟೀಚರಮ್ಮಾ, ವಿಶ್ವಾಸ ಕಡಿಮಿ ಇಲ್ಲ. ನಿಮ್ಮ ಕಾಗದದ ಕಡೀ ಸಾಲಿಗೆ ಮೊದಲು ಉತ್ತರ ಕೊಡ್ತೀನಿ ಯಾಕಂದ್ರ ಬಿಪಿಗಿಂತ ಅದೇ ನನಗ ಜಾಸ್ತಿ ಕಾಳಜಿ ಹಚ್ಚೇದ: ಇವತ್ತೇ ಪ್ರಾರ್ಥನೆಗೆ ಕೂಡ್ರಿ, ಎರಡು ನಿಮಿಷ ಸಾಕು, ನಾಚಿಕಿ ಬ್ಯಾಡ. ಪ್ರಲಾಪಗಳು 3ನೇ ಅಧ್ಯಾಯದಾಗ ಆತನ ಕರುಣೆ ಪ್ರತಿ ಮುಂಜಾನೆ ಹೊಸದಾಗ್ತದ ಅಂತ ಬರೆದದ ಅಲ್ರಿ, ಆ ಮಾತು ಊರೆಲ್ಲಾ ಸುಟ್ಟು ಹಾಳಾದ ಮ್ಯಾಲ ಬರೆದದ್ದು, ಎಲ್ಲಾ ಸರಿ ಇದ್ದಾಗ ಬರೆದದ್ದಲ್ಲ.

ಈಗ ನಿಮ್ಮ ತೀರ್ಮಾನದ ಕಡೆ ಬರೂಣು. ನಾಕಕ್ಕ ಏಳೋದು, ಪ್ರಾರ್ಥನೆ, ವಾಕಿಂಗ್, ಚಹಾ, ಅನ್ನ, ಸ್ವೀಟ್, ಒಟ್ಟು ಆರು ಬದಲಾವಣಿ ಒಂದೇ ರಾತ್ರ್ಯಾಗ, ಅದೂ ಮುಂಜಾನೆ ರೊಟ್ಟಿ ಬಡದು ಮಕ್ಕಳ ಡಬ್ಬಿ ಕಟ್ಟಿ ಎಂಟೂವರೆಗೆ ಪ್ರಾರ್ಥನೆ ಬೆಲ್‌ಗೆ ಸ್ಕೂಲ್‌ದಾಗ ನಿಲ್ಲೋ ಹೆಣ್ಮಗಳು. ಮಗನಿಗೆ ಜ್ವರ ಬರದಿದ್ರೂ ಇದು ನಿಲ್ತಿರ್ಲಿಲ್ರಿ, ಇನ್ನೊಂದು ವಾರ ಎಳೀತಿತ್ತು ಅಷ್ಟೇ.

ವಿಮೋಚನಕಾಂಡ 23ನೇ ಅಧ್ಯಾಯ ತಗೀರಿ, 29 ಮತ್ತು 30ನೇ ವಚನ. ಇಸ್ರಾಯೇಲ್ಯರಿಗೆ ದೇಶ ಕೊಡ್ತೀನಿ ಅಂತ ದೇವರು ಮಾತು ಕೊಟ್ಟಾನ, ಕೊಡೋದು ಪಕ್ಕಾ, ಆದ್ರ ಅಲ್ಲಿರೋ ಶತ್ರುಗಳನ್ನ ಒಂದೇ ವರ್ಷದಾಗ ಓಡಿಸಲ್ಲ ಅಂತಾನ. ಕಾರಣನೂ ಆತನೇ ಹೇಳ್ತಾನ: ಹಂಗ ಮಾಡಿದ್ರ ದೇಶ ಹಾಳು ಬೀಳ್ತದ, ಕಾಡುಮೃಗ ಹೆಚ್ಚಾಗ್ತಾವ, ಅದಕ್ಕ ನೀವು ಬೆಳದು ದೇಶ ತುಂಬಿಕೊಳ್ಳೋ ತನಕ ಸ್ವಲ್ಪ ಸ್ವಲ್ಪ ಓಡಿಸ್ತೀನಿ ಅಂತ. ಸರ್ವಶಕ್ತನಿಗೆ ಒಂದೇ ದಿನದಾಗ ಮಾಡ್ಲಿಕ್ಕ ಬರ್ತಿರ್ಲಿಲ್ಲ ಏನ್ರಿ? ಬರ್ತಿತ್ತು. ಜನರ ಕೈಲೆ ಅಷ್ಟು ಜಾಗ ಒಮ್ಮೆಲೇ ಹಿಡೀಲಿಕ್ಕ ಆಗಲ್ಲ ಅಂತ ಆತಗ ಗೊತ್ತಿತ್ತು. ನಿಧಾನ ಹೋಗೋದು ವಿಶ್ವಾಸದ ಕೊರತಿ ಅಂತ ನಮ್ಮ ಸಭೆಗಳಾಗ ಭಾಳ ಮಂದಿ ತಿಳ್ಕೊಂಡಾರ, ಸಾಕ್ಷಿ ಹೇಳೋವಾಗೂ ಒಂದೇ ರಾತ್ರ್ಯಾಗ ಬದಲಾದೆ ಅನ್ನೋರಿಗೇ ಜೋರ್ ಸ್ತೋತ್ರ ಬೀಳ್ತದ, ನನಗಂತೂ ಈ ವಚನ ಓದಿದ ಮ್ಯಾಲ ನಿಧಾನದಾಗೇ ದೇವರ ಕೈ ಕಾಣ್ತದ.

ಇದ್ರಾಗ ಇನ್ನೊಂದು ಮಾತು ಅದ. ಖಾಲಿ ಮಾಡಿದ ಜಾಗ ಖಾಲಿ ಉಳಿಯಲ್ಲ. ನೀವು ಚಹಾ ಬಂದ್ ಮಾಡಿದ್ರಿ, ಸಂಜೀ ನಾಕೂವರೆಗೆ ದಣದು ಮನಿಗೆ ಬಂದು ಕುರ್ಚಿ ಮ್ಯಾಲ ಕುಂತಾಗ ಕೈಯಾಗ ಏನಿತ್ತು? ಆ ಹತ್ತು ನಿಮಿಷ ನಿಮಗ ಇಡೀ ದಿನದಾಗ ಸಿಗೋ ಒಂದೇ ಆರಾಮ ಇರಬೇಕು. ಅದನ್ನ ಕಿತ್ತು ಅಲ್ಲಿ ಏನೂ ಇಡ್ಲಿಲ್ಲ ಅಂದ್ರ ನಾಲ್ಕು ದಿನಕ್ಕ ಚಹಾ ಬರ್ತದ, ಜತೀಗೆ ಮಿರ್ಚಿ ಭಜಿನೂ ಬರ್ತದ. ಅದಕ್ಕ ಚಹಾ ಇರ್ಲಿ. ಸಕ್ಕರಿ ನೋಡ್ರಿ ಮೊದಲು. ಒಂದು ಟೀ ಸ್ಪೂನ್ ಸಕ್ಕರಿ ಅಂದ್ರ ಹತ್ತತ್ರ 4 ಗ್ರಾಮ್, ಕಪ್ಪಿಗೆ ಎರಡು ಸ್ಪೂನ್ ಹಂಗ ದಿನಕ್ಕ ನಾಕು ಕಪ್ ಕುಡುದ್ರ 32 ಗ್ರಾಮ್ ಆಯ್ತು, ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ 25 ಗ್ರಾಮ್‌ಕ್ಕಿಂತ ಕಡಿಮಿ ಇದ್ರ ಇನ್ನೂ ಛಲೋ ಅಂತದ. ಎರಡು ಸ್ಪೂನ್ ಇದ್ದದ್ದು ಒಂದೂವರೆ ಮಾಡ್ರಿ, ನಾಲಿಗೆ ಒಗ್ಗಿಕೊಳ್ಳಿ, ಆಮ್ಯಾಲ ಒಂದಕ್ಕ ಬರ್ರಿ. ಮನ್ಯಾಗ ಯಾರಿಗೂ ಹೇಳ್ಬ್ಯಾಡ್ರಿ ಬೇಕಾದ್ರ, ಅವರಿಗೂ ಗೊತ್ತಾಗಲ್ಲ.

ಆದ್ರ ಇದೂ ಈಗ ಬ್ಯಾಡ, ಆಮ್ಯಾಲ. ಮೊದಲು ಒಂದೇ ಒಂದು ಹಿಡೀರಿ, ನನ್ನ ಮಾತು ಕೇಳಿದ್ರ ವಾಕಿಂಗ್ ಹಿಡೀರಿ, ಯಾಕಂದ್ರ ಬಿಪಿ ಬಾರ್ಡರ್‌ದಾಗ ಅದ ಅಂದೀರಿ. ಕೋಟೆ ತನಕ ಬ್ಯಾಡ. ಸಂಜೀ ಚಹಾ ಕುಡುದು ಕಪ್ ಕೆಳಗಿಟ್ಟ ಕೂಡ್ಲೇ ಚಪ್ಪಲಿ ಹಾಕ್ಕೊಂಡು ಓಣಿ ಕಡೀ ತನಕ ಹೋಗಿ ಬರ್ರಿ, ಹತ್ತು ನಿಮಿಷ. ಚಹಾ ಕಪ್ ಇಡೋದು, ಏಳೋದು, ಎರಡೂ ಕೂಡೇ ಇರಬೇಕು, ನಡುವ ಮೊಬೈಲ್ ಕೈಗೆ ಬಂತು ಅಂದ್ರ ಅವತ್ತಿಂದು ಹೋಯ್ತು. ನಡೀತಾ ನಡೀತಾ ಪ್ರಾರ್ಥನೆ ಮಾಡ್ರಿ, ಒಂದೊಂದು ಮನಿ ದಾಟೋವಾಗ ಆ ಮನಿಯವರಿಗಾಗಿ ಒಂದು ಮಾತು, ಈ ಮನ್ಯಾಗ ಅಜ್ಜಿಗೆ ಮೊಣಕಾಲು ನೋವದ, ಆ ಮನಿ ಹುಡುಗನಿಗೆ ಕೆಲಸ ಸಿಕ್ಕಿಲ್ಲ, ಹಿಂಗ. ನಾನು ಸರ್ಕಾರಿ ದವಾಖಾನ್ಯಾಗ ನರ್ಸ್ ಇದ್ದಾಗಿಂದ ನೋಡ್ಕೋತ ಬಂದೀನಿ, ಬಿಪಿ ಸಲುವಾಗಿ ನಡೀರಿ ಅಂದ್ರ ಹೆಣ್ಮಕ್ಕಳು ಒಂದು ವಾರ ನಡೀತಾರ, ಯಾರದೋ ಸಲುವಾಗಿ ಅಂದ್ರ ಬಿಡಲ್ಲ.

ವಾರಕ್ಕ 150 ನಿಮಿಷ ಚುರುಕ್ ನಡಿಗಿ ಬೇಕು ಅಂತ ಆರೋಗ್ಯ ಸಂಸ್ಥೆ ಹೇಳ್ತದ ಖರೆ, ನಿಮ್ಮದು 70 ಆಗ್ತದ, ಇರ್ಲಿ ಬಿಡ್ರಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜ್‌ದವರು 96 ಮಂದಿ ಮ್ಯಾಲ ಮಾಡಿದ ಒಂದು ಅಧ್ಯಯನ 2010ರಾಗ ಪ್ರಕಟ ಆಗ್ಯಾದ, ಒಬ್ಬೊಬ್ಬರೂ ದಿನದ ಯಾವ್ದೋ ಒಂದು ಕೆಲಸದ ಹಿಂದ, ಉದಾಹರಣಿಗೆ ನಾಷ್ಟಾ ಆದ ಮ್ಯಾಲ, ಒಂದು ಸಣ್ಣ ಹೊಸ ಅಭ್ಯಾಸ ಜೋಡಿಸಿಕೊಂಡಿದ್ರು. ಅದು ತಾನೇ ತಾನಾಗಿ ಬರ್ಲಿಕ್ಕ ನಡುಮಟ್ಟದ ಲೆಕ್ಕದಾಗ 66 ದಿನ ಹಿಡೀತು, ಒಬ್ಬರಿಗೆ 18 ದಿನ ಆದ್ರ ಇನ್ನೊಬ್ಬರಿಗೆ 254 ದಿನದ ತನಕ ಲೆಕ್ಕ ಹೋಯ್ತು. 21 ದಿನದಾಗ ಅಭ್ಯಾಸ ಆಗ್ತದ ಅಂತ ವಾಟ್ಸಾಪ್‌ದಾಗ ತಿರಗೋ ಮಾತು ನಂಬ್ಕೊಂಡು ಎಷ್ಟೋ ಮಂದಿ 22ನೇ ದಿನ ಕೈಚೆಲ್ಲಿ ಕೂಡ್ತಾರ. ಅದೇ ಅಧ್ಯಯನದಾಗ ಇನ್ನೊಂದು ಗೊತ್ತಾತು, ನಡುವ ಒಂದು ದಿನ ತಪ್ಪಿದ್ರ ಕಟ್ಟಿದ್ದೆಲ್ಲಾ ಕೆಡಲ್ಲ. ನಿಮಗ ಮಗನ ಜ್ವರದಾಗ ತಪ್ಪಿದ್ದು ಎರಡೇ ದಿನ, ಮೂರನೇ ದಿನ ಏಳಲಿಕ್ಕ ಬಿಡದೇ ಇದ್ದದ್ದು ಜ್ವರ ಅಲ್ರಿ, ನಾನು ದೇವರಿಗೆ ಮೋಸ ಮಾಡಿದೆ ಅನ್ನೋ ಚಿಂತಿ. ಮನ್ನಾ ನೆನಪು ಮಾಡ್ಕೊಳ್ರಿ, ಅಡವ್ಯಾಗ ದೇವರು ಇಸ್ರಾಯೇಲ್ಯರಿಗೆ ಆ ಆಹಾರ ದಿನದ್ದು ದಿನಕ್ಕೇ ಕೊಟ್ಟ, ನಾಳೆಗಂತ ಇಟ್ಟದ್ದು ಹುಳ ಬಿತ್ತು. ವರ್ಷದ್ದೆಲ್ಲಾ ಒಂದೇ ರಾತ್ರಿ ಕೂಡಿ ಹಾಕ್ಲಿಕ್ಕ ಹೋಗೋದು ನಮ್ಮ ಆಸಿ, ಆತ ಕೇಳಿದ್ದು ಇವತ್ತಿಂದು.

ಮುಂಜಾನಿ ಪ್ರಾರ್ಥನೆಗೆ ನಾಕು ಗಂಟಿ ಬ್ಯಾಡ, ಈಗ ಏಳೋ ಹೊತ್ತಿಗೇ ಏಳ್ರಿ, ಒಲಿ ಹಚ್ಚೋ ಮುಂಚೆ ಒಂದು ಕೀರ್ತನೆ. 117 ತಗೊಳ್ರಿ, ಎರಡೇ ವಚನ ಅವ. ನಿದ್ದಿ ಕಡಿಮಿ ಮಾಡಿ ಪ್ರಾರ್ಥನೆ ಹೆಚ್ಚು ಮಾಡಿದ್ರ ಬಿಪಿಗೂ ಛಲೋ ಅಲ್ಲ, ಮಕ್ಕಳ ಮ್ಯಾಲ ಸಿಟ್ಟೂ ಜಾಸ್ತಿ ಆಗ್ತದ. ಇನ್ನ ಉಪ್ಪು, ದಿನಕ್ಕ 5 ಗ್ರಾಮ್, ಅಂದ್ರ ಎಲ್ಲಾ ಸೇರಿ ಒಂದು ಟೀ ಸ್ಪೂನ್ ಒಳಗ. ನಮ್ಮ ಕಡೆ ಊಟದ ತಾಟಿನಾಗ ಉಪ್ಪಿನಕಾಯಿ, ಶೇಂಗಾ ಹಿಂಡಿ, ಹಪ್ಪಳ ಮೂರೂ ಇರ್ತಾವ, ಅದ್ರ ಮ್ಯಾಲ ಪುಂಡಿ ಪಲ್ಯಕ್ಕೂ ಕೈಬಿಟ್ಟು ಉಪ್ಪು. ವಾಕಿಂಗ್ ರೂಢಿ ಆದ ಮ್ಯಾಲ ಮೂರರಾಗ ಒಂದು ಬಿಡ್ರಿ, ರೊಟ್ಟಿ ಹಿಟ್ಟಿಗೆ ಹ್ಯಾಂಗೂ ಉಪ್ಪು ಹಾಕಲ್ಲ ಅದು ದೇವರ ಕೃಪೆ. ತಿಂಗಳಿಗೊಮ್ಮೆ ಬಿಪಿ ನೋಡಿಸ್ರಿ, ಸರ್ಕಾರಿ ದವಾಖಾನ್ಯಾಗ ರೊಕ್ಕ ತಗೊಳ್ಳಲ್ಲ, ಡಾಕ್ಟರ್ ಗುಳಗಿ ಬೇಕು ಅಂದ್ರ ತಗೊಳ್ರಿ.

ಪ್ರಶ್ನೆ: ಅಕ್ಕಾ, ನಮ್ಮ ಅತ್ತಿಯವರಿಗೆ 64 ವರ್ಷ, ಶುಗರ್ ಅದ, ಮುಂಜಾನೆ ಸಂಜೀ ಗುಳಗಿ. ಶುಕ್ರವಾರ ಉಪವಾಸ ಪ್ರಾರ್ಥನೆ ದಿನ ಅವರು ನೀರು ಬಿಟ್ರ ಏನೂ ತಗೊಳ್ಳಲ್ಲ, ಗುಳಗಿನೂ ಬಿಡ್ತಾರ, ದೇವರು ನೋಡ್ಕೋತಾನ ಅಂತಾರ. ಹೋದ ತಿಂಗಳು ಪ್ರಾರ್ಥನ್ಯಾಗೇ ಬೆವತು ಕೈ ನಡುಗಿ ಬಿದ್ರು. ಹೇಳಿದ್ರ ನಿನಗ ವಿಶ್ವಾಸ ಇಲ್ಲ ಅಂತಾರ. (ಕಲಬುರಗಿ)

ಉತ್ತರ: ತಂಗೀ, ಬೆವತು ಕೈ ನಡುಗೋದು ಶುಗರ್ ಇಳದಾಗ ಬರೋ ಲಕ್ಷಣ. ಗ್ಲಿಮಿಪಿರೈಡ್ ಅಂಥ ಗುಳಗಿ, ಇಲ್ಲಾ ಇನ್ಸುಲಿನ್, ಇವು ತಗೊಳ್ಳೋರು ಊಟ ಬಿಟ್ರ ಶುಗರ್ 70ಕ್ಕಿಂತ ಕೆಳಗ ಹೋಗಬಹುದು, ಮುಂಜಾನೆ ಗುಳಗಿ ಬಿಟ್ರೂ ಹಿಂದಿನ ಸಂಜೀದು ಮೈಯಾಗ ಕೆಲಸ ಮಾಡ್ತಿರಬಹುದು. ಮತ್ತ ಹಂಗಾದ್ರ, ಎಚ್ಚರ ಇದ್ರ ಮಾತ್ರ, ಮೂರು ನಾಕು ಸ್ಪೂನ್ ಸಕ್ಕರಿ ನೀರಾಗ ಕಲಸಿ ಕುಡಸು, 15 ನಿಮಿಷ ಬಿಟ್ಟು ಮತ್ತ ನೋಡು, ಸುಧಾರಿಸಲಿಲ್ಲ ಅಂದ್ರ ಇನ್ನೊಮ್ಮೆ ಕೊಡು. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ, 108ಕ್ಕ ಫೋನ್ ಮಾಡು. ಗುಳಗಿ ಯಾವವು ಅಂತ ಚೀಟಿ ತಗೊಂಡು ಇದೇ ವಾರ ಡಾಕ್ಟರ್ ಹತ್ರ ಹೋಗ್ರಿ.

ಅತ್ತಿಗೆ ಹೇಳೋದು ಹ್ಯಾಂಗ ಅನ್ನೋದು ಇದಕ್ಕಿಂತ ಕಷ್ಟ ಅಂತ ನನಗ ಗೊತ್ತದ. ವಾದ ಮಾಡಬ್ಯಾಡ, ಬೈಬಲ್ ಅವರ ಕೈಯಾಗೇ ಕೊಟ್ಟು ದಾನಿಯೇಲ 10ನೇ ಅಧ್ಯಾಯ 3ನೇ ವಚನ ಓದಸು. ಮೂರು ವಾರ ಆತ ರುಚಿ ರುಚಿ ಪದಾರ್ಥ ತಿನ್ನಲಿಲ್ಲ, ಮಾಂಸ ಮುಟ್ಟಲಿಲ್ಲ ಅಂತದ, ಅದೂ ದೇವರ ಮುಂದ ತಗ್ಗಿಸಿಕೊಳ್ಳೋದೇ, ಮತ್ತ ಅದಕ್ಕ ಉತ್ತರನೂ ಬಂತು. ಅತ್ತಿ ಹೊತ್ತಿಗೆ ಸರಿಯಾಗಿ ಒಂದು ರೊಟ್ಟಿ ಬ್ಯಾಳಿ ತಿಂದು ಗುಳಗಿ ತಗೊಂಡು, ಚಹಾದ ಜತಿ ಬಿಸ್ಕೀಟು, ಟೀವಿ ಧಾರಾವಾಹಿ ಬಿಡಬಹುದು ಶುಕ್ರವಾರ. ಗುಳಗಿ ವಿಷಯಕ್ಕ 2 ಅರಸುಗಳು 20 ಓದಸು: ಅರಸ ಹಿಜ್ಕೀಯನಿಗೆ 15 ವರ್ಷ ಆಯುಷ್ಯ ಕೂಡಿಸ್ತೀನಿ ಅಂತ ದೇವರೇ ಹೇಳಿ ಕಳಿಸಿದ ಮ್ಯಾಲೂ ಯೆಶಾಯ ಪ್ರವಾದಿ ಹುಣ್ಣಿನ ಮ್ಯಾಲ ಅಂಜೂರದ ಹಣ್ಣಿನ ಉಂಡೆ ಕಟ್ಟಿಸಿದ. ವಾಗ್ದಾನನೂ ಇತ್ತು, ಔಷಧಾನೂ ಇತ್ತು. ನಿನ್ನ ಬಾಯಿಲೆ ಕೇಳಲ್ಲ ಅನಸಿದ್ರ ಪಾಸ್ಟರಮ್ಮನವರಿಗೆ ಮೊದಲೇ ತಿಳಿಸಿ ಅವರ ಕಡಿಂದ ಹೇಳಸು, ಅತ್ತಿ ಮಾನನೂ ಉಳೀತದ.

ಪ್ರಶ್ನೆ: ಸೇಡಂ ತಾಲೂಕಿನಾಗ ಸಿಮೆಂಟ್ ಫ್ಯಾಕ್ಟರಿ ಕೆಲಸ, ವಾರಕ್ಕೊಮ್ಮೆ ಶಿಫ್ಟ್ ಬದಲು. ಸಿ ಶಿಫ್ಟ್ (ರಾತ್ರಿ ಪಾಳಿ) ಇದ್ದಾಗ ಕುಟುಂಬ ಪ್ರಾರ್ಥನೆ ಇಲ್ಲ, ವ್ಯಾಯಾಮ ಇಲ್ಲ, ನಿದ್ದಿನೂ ಸರಿ ಇಲ್ಲ. ಎಲ್ಲಿಂದ ಚಾಲೂ ಮಾಡಲಿ?

ಉತ್ತರ: ನಿದ್ದಿಯಿಂದ ಬ್ರದರ್. ಪ್ರವಾದಿ ಎಲೀಯ ಸಾಯೋದೇ ಲೇಸು ಅಂತ ಗಿಡದ ಕೆಳಗ ಬಿದ್ದಾಗ ದೇವದೂತ ಬಂದು ಪ್ರಸಂಗ ಮಾಡ್ಲಿಲ್ಲ, ಕೆಂಡದ ಮ್ಯಾಲ ಸುಟ್ಟ ರೊಟ್ಟಿ, ನೀರು ಇಟ್ಟು ಎಬ್ಬಿಸಿದ, ಆತ ತಿಂದು ಮತ್ತ ಮಲಗಿದ, ಎರಡನೇ ಸಲ ಎಬ್ಬಿಸಿ ತಿನ್ನಿಸಿದ. ಅದಾದ ಮ್ಯಾಲೇ ಹೋರೇಬ್ ಬೆಟ್ಟಕ್ಕ ನಡ್ಕೊಂಡು ಹೋಗಿದ್ದು. ಸಿ ಶಿಫ್ಟ್‌ನಾಗ ರಾತ್ರಿ ಎರಡರ ಮ್ಯಾಲ ಚಹಾ ಬ್ಯಾಡ, ಅದು ಮುಂಜಾನೆ ನಿದ್ದಿ ಕೆಡಸ್ತದ. ಮನಿಗೆ ಬಂದು ಸ್ವಲ್ಪ ತಿಂದು, ಕಿಡಕಿಗೆ ದಪ್ಪನೆ ಚಾದರ ಕಟ್ಟಿ, ಮೊಬೈಲ್ ಬ್ಯಾರೆ ಖೋಲ್ಯಾಗ ಇಟ್ಟು ಮಲಗ್ರಿ, ಓಣ್ಯಾಗಿನ ಮಂದಿಗೂ ಹೇಳಿಡ್ರಿ ಹನ್ನೆರಡರ ತನಕ ಬಾಗಿಲ ಬಡೀಬ್ಯಾಡ್ರಿ ಅಂತ. ಪ್ರಾರ್ಥನೆಗೆ ಗಡಿಯಾರದ ಹೊತ್ತು ಇಡ್ಬ್ಯಾಡ್ರಿ, ವಾರಕ್ಕೊಮ್ಮೆ ಬದಲಾಗೋ ಬದುಕಿಗೆ ಅದು ಕೂಡಲ್ಲ, ಮನ್ಯಾಗ ಎಲ್ಲರೂ ಕೂಡಿ ಉಣ್ಣೋ ಒಂದು ಊಟಕ್ಕ ಜೋಡಿಸ್ರಿ, ಅದು ಮಧ್ಯಾಹ್ನ ಇರ್ಲಿ ರಾತ್ರಿ ಇರ್ಲಿ. ವ್ಯಾಯಾಮ ನಿದ್ದಿ ಸುಧಾರಿಸಿದ ಮ್ಯಾಲ.

ಪ್ರಶ್ನೆ: ನಮ್ಮ ಸಭೆ ಹಿರಿಯರು ಶರೀರ ಮಣ್ಣು, ಅದರ ಸೇವಾ ಯಾಕ, ವಾಕಿಂಗ್ ಜಿಮ್ ಎಲ್ಲಾ ಲೋಕದ್ದು ಅಂತಾರ. ಖರೆ ಏನ್ರಿ? (ಕಲಬುರಗಿ)

ಉತ್ತರ: 1 ಕೊರಿಂಥ 6:19 ಓದ್ರಿ, ಆ ಮಣ್ಣಿಗೇ ಪವಿತ್ರಾತ್ಮನ ಗುಡಿ ಅಂದಾನ ಪೌಲ. ತಿಮೊಥೆಗೆ ಬರೆದಾಗ ದೇಹಸಾಧನೆಯಿಂದ ಸ್ವಲ್ಪ ಪ್ರಯೋಜನ, ಭಕ್ತಿಯಿಂದ ಎಲ್ಲಾದಕ್ಕೂ ಪ್ರಯೋಜನ ಅಂದಾನ, ಆ ಸ್ವಲ್ಪಾನೂ ಬ್ಯಾಡ ಅಂದಿಲ್ಲ. ಬೀದರ್ ಕಲಬುರಗಿ ಕಡೆ ಮೆಥೋಡಿಸ್ಟ್ ಸಭೆಯವರು ಭಾಳ ಇದ್ದೀವಿ, ನಮ್ಮ ಮೂಲಪುರುಷ ಜಾನ್ ವೆಸ್ಲಿ 1747ರಾಗೇ ಡಾಕ್ಟರ್ ಫೀ ಕೊಡ್ಲಿಕ್ಕಾಗದ ಬಡವರ ಸಲುವಾಗಿ ಒಂದು ವೈದ್ಯದ ಪುಸ್ತಕ ಬರೆದಿದ್ರು. ಅದ್ರಾಗಿನ ಮದ್ದು ಈಗ ಯಾರೂ ಮಾಡಬಾರದು, ಆದ್ರ ನಡಿಗಿ, ರಾತ್ರಿ ಹಗುರ ಊಟ, ಹೊತ್ತಿಗೆ ಸರಿಯಾಗಿ ನಿದ್ದಿ ಅಂತ ಅವರು ಹೇಳಿದ್ದು ಇವತ್ತಿಗೂ ಹಂಗೇ ಅದ. ಹಿರಿಯರಿಗೆ ಎದುರು ಮಾತಾಡಬ್ಯಾಡ್ರಿ, ಅಪ್ಪನ ಕೆರಿ ಸುತ್ತ ಒಂದು ಸಂಜೀ ಅವರನ್ನೂ ಕರ್ಕೊಂಡು ಹೋಗ್ರಿ. ಏಪ್ರಿಲ್ ಮೇದಾಗ 42 ಡಿಗ್ರಿ ದಾಟ್ತದ ನಮ್ಮ ಊರಾಗ, ಮುಂಜಾನೆ ಏಳರ ಒಳಗ ಇಲ್ಲಾ ಹೊತ್ತು ಮುಳುಗಿದ ಮ್ಯಾಲ, ನೀರಿನ ಬಾಟಲಿ ಕೈಯಾಗ ಇರ್ಲಿ.

ಪ್ರಶ್ನೆ: ಸಿಸ್ಟರ್, ಹೆಸರು ಹಾಕ್ಬ್ಯಾಡ್ರಿ. ಯಾದಗಿರಿ, 24 ವರ್ಷ, ಚರ್ಚ್‌ದಾಗ ಕೀಬೋರ್ಡ್ ಬಾರಸ್ತೀನಿ. ಪಾನ್ ಮಸಾಲಾ ತಂಬಾಕು ಕೂಡಿಸಿ ತಿನ್ನೋ ಚಟ ಆರು ವರ್ಷದಿಂದ ಅದ, ಮನ್ಯಾಗ ಗೊತ್ತಿಲ್ಲ. ಕೂಟದಾಗ ಮುಂದ ಹೋಗಿ ಅತ್ತು ಪ್ರಾರ್ಥನೆ ಮಾಡಿಸ್ಕೊಂಡು ಬಿಟ್ಟೆ, ಐದು ದಿನಕ್ಕ ಮತ್ತ ಚಾಲೂ ಆಯ್ತು. ದಿನಕ್ಕ ಒಂದೊಂದು ಪುಡಿ ಕಡಿಮಿ ಮಾಡ್ತಾ ಬರಲೇನು?

ಉತ್ತರ: ತಮ್ಮಾ, ಬರೆದದ್ದು ಛಲೋ ಆಯ್ತು. ಮ್ಯಾಲ ಎಲ್ಲರಿಗೂ ಸ್ವಲ್ಪ ಸ್ವಲ್ಪ ಅಂದೆ, ನಿನಗ ಹಂಗ ಹೇಳಲ್ಲ. ಒಳ್ಳೇ ಅಭ್ಯಾಸ ಕಟ್ಟೋದು ಬ್ಯಾರೆ, ತಂಬಾಕು ಬಿಡೋದು ಬ್ಯಾರೆ. ಎಂಟು ಪುಡಿ ಆರು ಮಾಡಿದೆ, ಆರು ನಾಕು ಮಾಡಿದೆ ಅಂದ್ರ ಉಳಿದ ನಾಕು ಇನ್ನೂ ರುಚಿ ಆಗ್ತಾವ, ಒಂದು ಕೆಟ್ಟ ದಿನ ಬಂದ್ರ ಮತ್ತ ಎಂಟಕ್ಕ ಹೋಗ್ತದ. ಒಂದು ತಾರೀಖು ಗುರುತು ಹಾಕು, ಎರಡು ವಾರದ ಒಳಗ, ಅವತ್ತಿಂದ ಪೂರ್ತಿ ಬಂದ್.

ಐದು ದಿನಕ್ಕ ಬಿದ್ದೆ ಅಂತೀಯಲ್ಲ, ಅದರಾಗ ನಿನ್ನ ಪ್ರಾರ್ಥನೆ ಸುಳ್ಳಾಗಿಲ್ಲ. ನಿಕೋಟಿನ್ ಬಿಟ್ಟವರಿಗೆ ಮೊದಲನೇ ವಾರನೇ ಎಲ್ಲಾಕ್ಕಿಂತ ಕಷ್ಟ, ಸಿಟ್ಟು, ತಲಿನೋವು, ನಿದ್ದಿ ಬರಲ್ಲ, ಯಾವುದ್ರಾಗೂ ಮನಸ್ಸು ನಿಲ್ಲಲ್ಲ, ಇದು ಮೈ ಮಾಡೋ ಗದ್ಲ, ಅದು ಸೈತಾನ ಅಂತ ಹೆದರಬ್ಯಾಡ, ನಾಕೈದು ವಾರದಾಗ ಭಾಳ ಇಳೀತದ. ಕೂಟದಿಂದ ಮನಿಗೆ ಬರೋವಾಗ ನಿನಗ ಯಾರೂ ಇದನ್ನ ಹೇಳಿ ಕಳಿಸಲಿಲ್ಲ, ಅದೇ ನನಗ ಬ್ಯಾಸರ. ಮುಂದ ಬಂದ ಹುಡುಗರ ತಲಿ ಮ್ಯಾಲ ಕೈ ಇಟ್ಟು ಪ್ರಾರ್ಥನೆ ಮಾಡೋ ಹಿರಿಯರೆಲ್ಲಾ ಮರುದಿನ ಫೋನ್ ಮಾಡಿ ಇವತ್ತು ಹ್ಯಾಂಗ ಅದಪ್ಪಾ ಅಂತ ಒಂದು ಮಾತು ಕೇಳಬೇಕು, ಕನಿಷ್ಠ ಒಂದು ತಿಂಗಳು.

ಸ್ವಲ್ಪ ಸ್ವಲ್ಪ ಅನ್ನೋದು ನಿನಗ ಬರೋದು ಸುತ್ತಮುತ್ತಲ ಜಾಗ ತುಂಬೋದ್ರಾಗ. ಮತ್ತಾಯ 12ರಾಗ ಗುಡಿಸಿ ಸಾರಿಸಿ ಖಾಲಿ ಬಿಟ್ಟ ಮನಿಗೆ ದೆವ್ವ ಏಳು ಮಂದಿನ್ನ ಕರ್ಕೊಂಡು ವಾಪಸ್ ಬಂತು ಅಂತದ ಅಲ್ಲ. ಆ ತಾರೀಖು ಬರೋ ತನಕ ಬರೇ ನೋಡು, ಯಾವಾಗ ಯಾವಾಗ ಬಾಯಿಗೆ ಹಾಕ್ತೀ: ಊಟ ಆದ ಮ್ಯಾಲ, ಬಸ್ ಸ್ಟ್ಯಾಂಡ್ ಹತ್ರ ದೋಸ್ತರ ಕೂಡ ನಿಂತಾಗ, ಕೀಬೋರ್ಡ್ ಪ್ರಾಕ್ಟೀಸ್ ಮುಗದ ಮ್ಯಾಲ. ಒಂದೊಂದಕ್ಕ ಒಂದೊಂದು ಇಡು. ಊಟ ಆದ ಮ್ಯಾಲ ಬಡೇಸೋಪು, ಅಡಿಕಿ ಮಾತ್ರ ಬ್ಯಾಡ, ಅಡಿಕಿನೂ ಬಾಯಿ ಕೆಡಿಸ್ತದ. ಬಸ್ ಸ್ಟ್ಯಾಂಡ್ ದಾರಿ ಒಂದು ತಿಂಗಳು ಬಿಟ್ಟು ಬ್ಯಾರೆ ದಾರಿಲೆ ಹೋಗು. ಆಸಿ ಜೋರಾಗಿ ಬಂದಾಗ ಅದು ಕೆಲವು ನಿಮಿಷದಾಗ ಇಳೀತದ, ಅಷ್ಟು ಹೊತ್ತು ನೀರು ಕುಡಿ, ನಿಧಾನ ಉಸಿರು ತಗೊ, ಹಾಡು ಗೊತ್ತಿರೋ ಹುಡುಗ ನೀನು, ಒಂದು ಹಾಡು ಪೂರ್ತಿ ಹಾಡು. ತಂಬಾಕು ಬಿಡೋರಿಗೆ ಸರ್ಕಾರದ ಫ್ರೀ ಫೋನ್ ನಂಬರ್ ಅದ, 1800-112-356, ಸಲಹಾ ಕೊಟ್ಟು ಆಮ್ಯಾಲ ಅವರೇ ಮತ್ತ ಫೋನ್ ಮಾಡಿ ವಿಚಾರಸ್ತಾರ. ಜಿಲ್ಲಾ ಆಸ್ಪತ್ರ್ಯಾಗ ಕೇಳಿದ್ರ ಆಸಿ ತಡೀಲಿಕ್ಕ ನಿಕೋಟಿನ್ ಗಮ್ ಬಗ್ಗೆನೂ ಹೇಳ್ತಾರ, ಅದನ್ನ ತಗೊಳ್ಳೋದ್ರಾಗ ವಿಶ್ವಾಸಕ್ಕ ಯಾವ ಕೊರತಿನೂ ಇಲ್ಲ.

ಇವತ್ತೇ ಒಂದು ಕೆಲಸ ಮಾಡು. ಕನ್ನಡಿ ಮುಂದ ನಿಂತು ಬಾಯಿ ಪೂರ್ತಿ ತಗೀ, ನಿನ್ನವೇ ಮೂರು ಬೆರಳು ಒಂದರ ಮ್ಯಾಲೊಂದು ಬರೋ ಹಂಗ ಜೋಡಿಸಿ ಹಲ್ಲುಗಳ ನಡುವ ಹೋಗ್ತಾವೇನು ನೋಡು. ಕೆನ್ನಿ ಒಳಗ, ನಾಲಿಗಿ ಕೆಳಗ ಬಿಳಿ ಇಲ್ಲಾ ಕೆಂಪು ಕಲಿ, ಎರಡು ವಾರದಾಗ ಮಾಯದ ಹುಣ್ಣು, ಖಾರ ತಿಂದ್ರ ಉರಿ ತಡೀಲಿಕ್ಕಾಗದಷ್ಟು, ಇದ್ರಾಗ ಯಾವುದೇ ಇದ್ರೂ, ಮೂರು ಬೆರಳು ಹೋಗಲಿಲ್ಲ ಅಂದ್ರೂ, ಈ ವಾರನೇ ಹಲ್ಲಿನ ಡಾಕ್ಟರಿಗೆ ತೋರಸು. ಮನ್ಯಾಗ ಒಬ್ಬರಿಗೆ ಹೇಳು, ಅಪ್ಪಗ ಹೇಳ್ಲಿಕ್ಕ ಅಂಜಿಕಿ ಇದ್ರ ಅಕ್ಕಗೋ ಅಣ್ಣಗೋ ಹೇಳು, ದವಾಖಾನಿಗೆ ಒಬ್ಬನೇ ಹೋಗಬ್ಯಾಡ. ತಾರೀಖು ಯಾವುದು ಅಂತ ನನಗೂ ಬರಿ, ಅವತ್ತು ನಿನಗಾಗಿ ಪ್ರಾರ್ಥನೆ ಮಾಡ್ತೀನಿ.